ಟ್ರೆಡ್‌ಮಿಲ್‌ ಸ್ಪೀಡನ್ನು ಓಟದ ಪೇಸ್‌ಗೆ ಬದಲಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ 10ಕೆ ಓಟಕ್ಕೆ ತಯಾರಿ ಮಾಡ್ತಾ ಇದ್ದೀನಿ. ನನ್ನ ಪ್ಲಾನ್‌ನಲ್ಲಿ ಎಲ್ಲವೂ ಪೇಸ್‌ನಲ್ಲೇ, ಅಂದ್ರೆ ಒಂದು ಕಿಲೋಮೀಟರ್‌ಗೆ ಎಷ್ಟು ನಿಮಿಷ ಅನ್ನೋ ಲೆಕ್ಕದಲ್ಲೇ ಇದೆ. ‘6:20ರಲ್ಲಿ 5 ಕಿಲೋಮೀಟರ್’ ಅಂತ ಬರೆದಿರುತ್ತೆ. ನಮ್ಮ ಅಪಾರ್ಟ್‌ಮೆಂಟ್ ಜಿಮ್‌ನ ಟ್ರೆಡ್‌ಮಿಲ್ ಮಾತ್ರ ಬರೀ ಸ್ಪೀಡ್ ತೋರಿಸುತ್ತೆ. 6:20ಕ್ಕೆ ಎಷ್ಟು ಇಡಬೇಕು? ಅಲ್ಲಿ ಓಡಿದ್ದು ರಸ್ತೆಯಲ್ಲಿ ಓಡಿದ್ದಕ್ಕೆ ಸಮ ಆಗುತ್ತಾ?

9.5 ಇಡಿ, ಅಂದ್ರೆ ಗಂಟೆಗೆ 9.5 ಕಿಲೋಮೀಟರ್. ಲೆಕ್ಕ ಸುಲಭ. ಮೊದಲು ಪೇಸನ್ನು ಸೆಕೆಂಡ್‌ಗೆ ಬದಲಿಸಿ. 6 ನಿಮಿಷ 20 ಸೆಕೆಂಡ್ ಅಂದ್ರೆ 380 ಸೆಕೆಂಡ್. ಒಂದು ಗಂಟೆಗೆ 3600 ಸೆಕೆಂಡ್ ಅಲ್ವಾ, ಅದನ್ನು 380ರಿಂದ ಭಾಗಿಸಿ. 9.47 ಬರುತ್ತದೆ. ಸ್ಪೀಡ್ ಗೊತ್ತಿದ್ದು ಪೇಸ್ ಬೇಕಾದಾಗಲೂ ಇದೇ ದಾರಿ: 3600ನ್ನು ಸ್ಪೀಡಿನಿಂದ ಭಾಗಿಸಿದರೆ ಒಂದು ಕಿಲೋಮೀಟರ್‌ಗೆ ಎಷ್ಟು ಸೆಕೆಂಡ್ ಅಂತ ಸಿಗುತ್ತದೆ.

60ನ್ನು ಸ್ಪೀಡಿನಿಂದ ಭಾಗಿಸಿ ಅಂತ ಹೇಳುವವರೇ ಜಾಸ್ತಿ. ಅದೂ ಸರಿಯೇ. ಆದರೆ 60ನ್ನು 9.5ರಿಂದ ಭಾಗಿಸಿದಾಗ ಕ್ಯಾಲ್ಕ್ಯುಲೇಟರ್ 6.31 ಅಂತ ತೋರಿಸುತ್ತದೆ. ಎಷ್ಟೋ ಜನ ಅದನ್ನು 6 ನಿಮಿಷ 31 ಸೆಕೆಂಡ್ ಅಂತ ಓದಿಬಿಡುತ್ತಾರೆ. ಅದು ನಿಜವಾಗಿ 6 ನಿಮಿಷ 19 ಸೆಕೆಂಡ್. ಕಿಲೋಮೀಟರ್‌ಗೆ 12 ಸೆಕೆಂಡ್ ತಪ್ಪಿದರೆ 10 ಕಿಲೋಮೀಟರ್‌ಗೆ 2 ನಿಮಿಷ ತಪ್ಪುತ್ತದೆ. ಹಾಗಾಗಿ ಸೆಕೆಂಡ್ ಲೆಕ್ಕವೇ ಒಳ್ಳೆಯದು.

ಕೆಲವನ್ನು ಬಾಯಿಪಾಠ ಮಾಡಿಕೊಳ್ಳಬಹುದು. 8 ಅಂದ್ರೆ 7:30. 9 ಅಂದ್ರೆ 6:40. 10 ಅಂದ್ರೆ ಸರಿಯಾಗಿ 6:00, ಅಂದರೆ 10ಕೆ ಓಟ ಒಂದು ಗಂಟೆಯಲ್ಲಿ ಮುಗಿಯುತ್ತದೆ. 12 ಅಂದ್ರೆ 5:00, 15 ಅಂದ್ರೆ 4:00. ಒಂದು ಎಚ್ಚರ: ಕೆಲವು ಮೆಷಿನ್‌ಗಳು ಮೈಲಿ ಲೆಕ್ಕದಲ್ಲಿ ಇರುತ್ತವೆ. ಅಂಥದ್ದರಲ್ಲಿ 6 ಇಟ್ಟರೆ ಗಂಟೆಗೆ 9.66 ಕಿಲೋಮೀಟರ್, ಅಂದರೆ ಸುಮಾರು 6:13 ಪೇಸ್. ಕಿಲೋಮೀಟರ್ ಲೆಕ್ಕದ 6 ಬಿರುಸಾದ ನಡಿಗೆ ಅಷ್ಟೇ. 6ಕ್ಕೇ ಏದುಸಿರು ಬಂದರೆ ಡಿಸ್‌ಪ್ಲೇಯ ಮೂಲೆಯಲ್ಲಿ ಏನು ಬರೆದಿದೆ ಅಂತ ನೋಡಿ.

ಇಲ್ಲಿಂದ ಮುಂದಿನದ್ದು ಹೆಚ್ಚಿನವರ ಗಮನಕ್ಕೆ ಬಂದಿರುವುದಿಲ್ಲ. ಸ್ಪೀಡ್ ಮತ್ತು ಪೇಸ್ ಒಂದೇ ಅಳತೆಯಲ್ಲಿ ಬದಲಾಗುವುದಿಲ್ಲ. ಸ್ಪೀಡ್ 7ರಿಂದ 8ಕ್ಕೆ ಹೋದಾಗ ಪೇಸ್ 8:34ರಿಂದ 7:30ಕ್ಕೆ ಇಳಿಯುತ್ತದೆ, 64 ಸೆಕೆಂಡ್ ವ್ಯತ್ಯಾಸ. 14ರಿಂದ 15ಕ್ಕೆ ಹೋದಾಗ ಬರೀ 17 ಸೆಕೆಂಡ್. ದೇಹದ ಮೇಲೆ ಬೀಳುವ ಹೊರೆ ಹೆಚ್ಚುಕಡಿಮೆ ಸ್ಪೀಡಿನ ಜೊತೆ ಏರುತ್ತದೆ, ಪೇಸಿನ ಜೊತೆ ಅಲ್ಲ. ಆದ್ದರಿಂದ ‘10 ಸೆಕೆಂಡ್ ಫಾಸ್ಟ್ ಆಗಿ ಓಡಿ’ ಅನ್ನುವ ಮಾತಿಗೆ ಎಲ್ಲರಿಗೂ ಒಂದೇ ಅರ್ಥ ಇಲ್ಲ. 7:30ರಲ್ಲಿ ಓಡುವವರು 7:20ಕ್ಕೆ ಬರಲು ಸ್ಪೀಡನ್ನು 8ರಿಂದ 8.2ಕ್ಕೆ ಏರಿಸಿದರೆ ಸಾಕು. 4:17ರಲ್ಲಿ ಓಡುವವರು ಅದೇ 10 ಸೆಕೆಂಡ್‌ಗೆ 14ರಿಂದ 14.6ಕ್ಕೆ ಏರಿಸಬೇಕು. ನಿಮಗಿಂತ ಬಹಳ ಫಾಸ್ಟ್ ಇರುವ ಗೆಳೆಯರ ಪ್ಲಾನನ್ನು ಸುಮ್ನೆ ನಕಲು ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ನಿಮ್ಮ ಸ್ಪೀಡಿನಲ್ಲಿ ಇದರಿಂದ ಒಂದು ಅನುಕೂಲವೂ ಇದೆ. 5 ಕಿಲೋಮೀಟರ್‌ನಲ್ಲಿ ಪ್ರತಿ ಕಿಲೋಮೀಟರ್‌ಗೆ 10 ಸೆಕೆಂಡ್ ಕಡಿಮೆ ಮಾಡುತ್ತಾ 6:40ರಿಂದ 6:00ಕ್ಕೆ ಬರಬೇಕು ಅಂದುಕೊಳ್ಳಿ. ಸ್ಪೀಡ್ 9, 9.2, 9.5, 9.7, 10 ಅಂತ ಏರಿಸಿದರೆ ಆಯಿತು. ಕೇಳಿದಾಗ ಭಾರೀ ಅನ್ನಿಸುತ್ತದೆ, ಬಟನ್‌ನಲ್ಲಿ ನೋಡಿದರೆ ಸಣ್ಣ ಸಣ್ಣ ಹೆಜ್ಜೆ. ಒಂದೇ ಸಲಕ್ಕೆ ಅರ್ಧ, ಒಂದು ಅಂತ ಹಾರಿಸುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. 0.1 ಕೂಡ ಲೆಕ್ಕಕ್ಕೆ ಬರುತ್ತದೆ. ಹಾಫ್ ಮ್ಯಾರಥಾನ್ (21.1 ಕಿಲೋಮೀಟರ್) ಓಡುವವರನ್ನೇ ನೋಡಿ: 10.5ರಲ್ಲಿ ಕೊನೆಯವರೆಗೂ ಓಡಿದರೆ 2 ಗಂಟೆಗಿಂತ ಅರ್ಧ ನಿಮಿಷ ಜಾಸ್ತಿ ಆಗುತ್ತದೆ, 10.6ರಲ್ಲಿ ಓಡಿದರೆ 2 ಗಂಟೆಯೊಳಗೆ ಮುಗಿಯುತ್ತದೆ.

ಈಗ ನಿಮ್ಮ ಎರಡನೇ ಪ್ರಶ್ನೆ. ರಸ್ತೆಗೆ ಸಮ ಆಗಬೇಕಾದರೆ ಇನ್‌ಕ್ಲೈನ್ (ಬೆಲ್ಟಿನ ಏರು) 1, ಅಂದ್ರೆ ಶೇ 1 ಇಡಬೇಕು ಅಂತ ಯಾರಾದರೂ ಹೇಳಿಯೇ ಇರುತ್ತಾರೆ. ಈ ಮಾತಿನ ಮೂಲ ಇಂಗ್ಲೆಂಡಿನ ಆಂಡ್ರ್ಯೂ ಜೋನ್ಸ್ ಮತ್ತು ಜೊನಾಥನ್ ಡೌಸ್ಟ್ 1996ರಲ್ಲಿ ಪ್ರಕಟಿಸಿದ ಅಧ್ಯಯನ. ಓಡುವಾಗ ಎದುರಿನ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. ಟ್ರೆಡ್‌ಮಿಲ್‌ನಲ್ಲಿ ನೀವು ನಿಂತಲ್ಲೇ ಇರುವುದರಿಂದ ಆ ಕೆಲಸ ಉಳಿಯುತ್ತದೆ, ಅದನ್ನು 1 ಇನ್‌ಕ್ಲೈನ್ ಸರಿದೂಗಿಸುತ್ತದೆ ಅಂತ ಅವರು ತೋರಿಸಿದರು. ಆದರೆ ಅವರು ಓಡಿಸಿದ್ದು ಚೆನ್ನಾಗಿ ಪಳಗಿದ ಓಟಗಾರರನ್ನು, ಗಂಟೆಗೆ 10.5ರಿಂದ 18 ಕಿಲೋಮೀಟರ್ ವೇಗದಲ್ಲಿ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಫಾಸ್ಟ್ ಓಡುವವರಿಗೆ ಇದು ಮುಖ್ಯ. 9.5ರಲ್ಲಿ ಓಡುವವರಿಗೆ ಗಾಳಿಯ ತಡೆ ತೀರಾ ಕಡಿಮೆ.

ಅಷ್ಟೇ ಅಲ್ಲ, ಆ 1 ಸಣ್ಣದೇನಲ್ಲ. ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಸೂತ್ರದ ಪ್ರಕಾರ, ಓಡುವಾಗ 1 ಇನ್‌ಕ್ಲೈನ್ ಸೇರಿಸುವುದೂ ಸಮತಟ್ಟಿನಲ್ಲಿ ಸ್ಪೀಡನ್ನು ಶೇ 4.5ರಷ್ಟು ಏರಿಸುವುದೂ ಒಂದೇ. ನೀವು 9.5ಕ್ಕೆ 1 ಇನ್‌ಕ್ಲೈನ್ ಹಾಕಿದರೆ ಸುಮಾರು 9.9ರ ಶ್ರಮ ಆಗುತ್ತದೆ. ಪ್ಲಾನ್‌ನಲ್ಲಿ 6:20 ಇದ್ದದ್ದು 6:03ರ ಓಟ ಆಗಿಬಿಡುತ್ತದೆ. ಸುಲಭದ ಓಟ ಇರಬೇಕಾದ ದಿನ ಹೀಗೆ ಆದರೆ ಕಾಲಿಗೆ ವಿಶ್ರಾಂತಿ ಎಲ್ಲಿಂದ ಬರಬೇಕು? ಹಾಗಾಗಿ ಇನ್‌ಕ್ಲೈನ್ 0 ಇಡಿ. ಬೆಂಗಳೂರಿನ ರಸ್ತೆಗಳು ಸಮತಟ್ಟಲ್ಲ, ಕಬ್ಬನ್ ಪಾರ್ಕ್ ಸುತ್ತಮುತ್ತಲೂ ಏರಿಳಿತ ಇದೆ. ಅದಕ್ಕೆ ಕಾಲು ಪಳಗಿಸಲು ವಾರಕ್ಕೊಂದು ದಿನ ಬೇಕಂತಲೇ ಇನ್‌ಕ್ಲೈನ್ ಹಾಕಿ, ಅವತ್ತು ಸ್ಪೀಡ್ ಇಳಿಸಿ.

ಗಾಳಿಯ ತಡೆ ಇಲ್ಲದಿದ್ದರೂ ಒಳಗೆ ಓಡುವುದು ಕಷ್ಟ ಅನ್ನಿಸಬಹುದು. ಮೈಗೆ ಗಾಳಿ ಬಡಿಯದೆ ಬೆವರು ಆರುವುದಿಲ್ಲ, ಎದೆಬಡಿತ ಏರುತ್ತಾ ಹೋಗುತ್ತದೆ. ಎದುರಿಗೆ ಒಂದು ಫ್ಯಾನ್ ಇಡಿ.

ನನಗೆ ಇದೆಲ್ಲಕ್ಕಿಂತ ದೊಡ್ಡ ಅನುಮಾನ ಮೆಷಿನ್‌ ಮೇಲೆಯೇ. 9.5 ಅಂತ ತೋರಿಸಿದ ಮಾತ್ರಕ್ಕೆ ಬೆಲ್ಟ್ 9.5ರಲ್ಲೇ ಓಡುತ್ತಿದೆ ಅಂತ ಹೇಳಲಾಗದು. ಸರಿಯಾಗಿ ನೋಡಿಕೊಳ್ಳದ, ಹಳೆಯ ಮೆಷಿನ್‌ನಲ್ಲಿ ವ್ಯತ್ಯಾಸ ಇರುತ್ತದೆ. ಪರೀಕ್ಷೆ ನೀವೇ ಮಾಡಬಹುದು. ಪ್ಲಗ್ ತೆಗೆದು, ಬೆಲ್ಟ್ ಅಂಚಿನಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಬೆಲ್ಟನ್ನು ಕೈಯಿಂದ ಎಳೆಯುತ್ತಾ ಟೇಪ್‌ನಲ್ಲಿ ಪೂರ್ತಿ ಸುತ್ತಿನ ಉದ್ದ ಅಳೆಯಿರಿ. ಅದು 3 ಮೀಟರ್ ಅಂದುಕೊಳ್ಳೋಣ. ಆಮೇಲೆ ಸ್ಪೀಡ್ 10 ಇಟ್ಟು ನೀವು ಓಡಿ, ಇನ್ನೊಬ್ಬರು ಪಕ್ಕದಲ್ಲಿ ನಿಂತು ಆ ಗುರುತಿನ ವಿಡಿಯೋ ಮಾಡಲಿ. ಖಾಲಿ ಬೆಲ್ಟ್ ಓಡಿಸಿ ನೋಡಿದರೆ ಪ್ರಯೋಜನ ಇಲ್ಲ, ಮೈಭಾರ ಬಿದ್ದಾಗಲೇ ಅದು ನಿಧಾನ ಆಗುವುದು. 20 ಸುತ್ತು ಅಂದ್ರೆ 60 ಮೀಟರ್, 10ರ ಸ್ಪೀಡಿಗೆ 21.6 ಸೆಕೆಂಡ್ ಹಿಡಿಯಬೇಕು. 22.5 ಹಿಡಿದರೆ ನಿಜವಾದ ಸ್ಪೀಡ್ 9.6, ಪೇಸ್ 6:15.

ಕೈಯಲ್ಲಿರುವ ವಾಚ್ ಇದನ್ನು ತೀರ್ಮಾನಿಸಲಾರದು. ಒಳಗೆ ಜಿಪಿಎಸ್‌ನಿಂದ ಉಪಯೋಗ ಇಲ್ಲ, ನೀವು ನಿಂತಲ್ಲೇ ಇರುತ್ತೀರಿ. ಅದು ಕೈ ಬೀಸುವುದನ್ನು ನೋಡಿ ದೂರ ಅಂದಾಜು ಮಾಡುತ್ತದೆ. ಅದಕ್ಕಿಂತ 400 ಮೀಟರ್ ಟ್ರ್ಯಾಕ್ ನಂಬಿಕಸ್ಥ. 1440ನ್ನು ಸ್ಪೀಡಿನಿಂದ ಭಾಗಿಸಿ, ಒಂದು ಸುತ್ತಿಗೆ ಬೇಕಾದ ಸೆಕೆಂಡ್ ಬರುತ್ತದೆ. 9.5ಕ್ಕೆ 152 ಸೆಕೆಂಡ್, ಅಂದರೆ 2:32. ಅದೇ ವೇಗದಲ್ಲಿ ಕೆಲವು ಸುತ್ತು ಹಾಕಿ, ಉಸಿರು ಹೇಗಿದೆ, ಮಾತಾಡೋಕೆ ಆಗುತ್ತದಾ ಅಂತ ಗಮನಿಸಿ. ಮೆಷಿನ್‌ ಮೇಲೆಯೂ ಹಾಗೆಯೇ ಅನ್ನಿಸುವ ಸ್ಪೀಡ್ ಹುಡುಕಿ. ಅದು 9.3 ಇರಲಿ, 9.8 ಇರಲಿ, ನಿಮ್ಮ ಪ್ಲಾನ್‌ನ 6:20ಕ್ಕೆ ಅದನ್ನೇ ಇಟ್ಟುಕೊಳ್ಳಿ.

ಇಂಟರ್ವಲ್ (ಸ್ವಲ್ಪ ಹೊತ್ತು ಫಾಸ್ಟ್, ಸ್ವಲ್ಪ ಹೊತ್ತು ನಿಧಾನ) ಓಡುವ ದಿನ ಇನ್ನೊಂದು ವಿಷಯ ನೋಡಿಕೊಳ್ಳಬೇಕು. 8ರಿಂದ 12ಕ್ಕೆ ಏರಲು ಬೆಲ್ಟ್‌ಗೆ ಕೆಲವು ಸೆಕೆಂಡ್ ಬೇಕು. 1 ನಿಮಿಷದ ಇಂಟರ್ವಲ್ ಆದರೆ ಬಟನ್ ಒತ್ತಿದ ಕ್ಷಣದಿಂದ ಎಣಿಸಬೇಡಿ, ಡಿಸ್‌ಪ್ಲೇಯಲ್ಲಿ 12 ಬಂದ ಮೇಲೆ ಎಣಿಸಿ.