ಕ್ಯಾಂಪಸ್‌ನಲ್ಲಿ ಮನಸ್ಸಿನ ಆರೋಗ್ಯ: ವಿದ್ಯಾರ್ಥಿಗಳ ಬೇಡಿಕೆ ಕೋರ್ಟಿನವರೆಗೆ ಬಂದದ್ದು ಹೇಗೆ?

2025ರಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಾಲ್ಕೇ ತಿಂಗಳಲ್ಲಿ ಎರಡು ತೀರ್ಪು ಕೊಟ್ಟಿತು. ಮಾರ್ಚ್ 24ರಂದು, ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈ 25ರಂದು 15 ಮಾರ್ಗಸೂಚಿಗಳನ್ನು ಹೊರಡಿಸಿತು. ಅದೇ ವರ್ಷ ಕರ್ನಾಟಕದಲ್ಲಿ, ಕ್ಯಾಂಪಸ್‌ಗಳಲ್ಲಿನ ಜಾತಿ ತಾರತಮ್ಯ ತಡೆಯುವ ರೋಹಿತ್ ವೇಮುಲ ಮಸೂದೆಯ ಮಾತು ಶುರುವಾಯಿತು. ಇದರಲ್ಲಿ ಕಾನೂನು ಯಾವುದು, ಬರೀ ಬೇಡಿಕೆ ಯಾವುದು ಎಂದು ಕಾಲೇಜಿನವರಿಗೂ ಗೊಂದಲ. ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ನಮ್ಮ ಕಾನೂನಿನ ಕಣ್ಣಿಗೆ ಮನೋರೋಗಿ 1912ರಲ್ಲಿ ಕೂಡಿಹಾಕಬೇಕಾದವರು, 1987ರಲ್ಲಿ ಚಿಕಿತ್ಸೆ ಕೊಡಬೇಕಾದವರು, 2017ರಲ್ಲಿ ಹಕ್ಕುಳ್ಳವರು. ನಡುವೆ 2001ರಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡಿದ್ದ 28 ಜನ ಸತ್ತರು. ದೇಶ ಬೆಚ್ಚಿತು, ಆದರೂ ಹೊಸ ಕಾನೂನಿಗೆ ಇನ್ನೂ 16 ವರ್ಷ ಬೇಕಾಯಿತು. 2017ರಲ್ಲಿ ಒಪ್ಪಿಗೆ ಪಡೆದು 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ಆ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ, ಚಿಕಿತ್ಸೆ ಪಡೆಯುವುದನ್ನೂ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವುದನ್ನೂ ಹಕ್ಕು ಮಾಡಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು.

ಕ್ಯಾಂಪಸ್‌ಗಳಲ್ಲಿ ಮಾತು ಬದಲಾದದ್ದು 2016ರ ಜನವರಿಯಲ್ಲಿ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹಾಸ್ಟೆಲ್‌ನಿಂದ ಹೊರಹಾಕಲಾದ ಐವರು ದಲಿತ ವಿದ್ಯಾರ್ಥಿಗಳಲ್ಲಿ ರೋಹಿತ್ ವೇಮುಲ ಒಬ್ಬರು. ಅವರು ಆತ್ಮಹತ್ಯೆಯಿಂದ ತೀರಿಕೊಂಡ ನಂತರ ದೇಶದ ಹಲವು ಕಡೆ ವಿದ್ಯಾರ್ಥಿಗಳು ಬೀದಿಗಿಳಿದರು. ಅಲ್ಲಿಯವರೆಗೆ ಇಂಥ ಸಾವನ್ನು 'ಹುಡುಗನಿಗೆ ಒತ್ತಡ ತಡೆಯಲಾಗಲಿಲ್ಲ' ಎಂದು ಮುಗಿಸಿಬಿಡುತ್ತಿದ್ದರು. ಜಾತಿ, ತಡೆಹಿಡಿದ ಫೆಲೋಶಿಪ್, ಒಂಟಿತನ ಇವೆಲ್ಲ ಒಂದೇ ಕಡೆ ಸೇರುತ್ತವೆ ಎಂದು ಆ ಹೋರಾಟ ಗಟ್ಟಿಯಾಗಿ ಹೇಳಿತು. ಮಾನಸಿಕ ಆರೋಗ್ಯಕ್ಕೆ ವೈದ್ಯರು ಬೇಕು, ನಿಜ. ಆದರೆ ತಿಂಗಳ ಹಣ ಬಾರದೆ ಮೆಸ್ ಬಿಲ್ ಕಟ್ಟಲಾಗದವನಿಗೆ ಕೌನ್ಸೆಲರ್ ಒಬ್ಬರೇ ಏನು ಮಾಡಿಯಾರು?

ಬೆಂಗಳೂರಿಗೆ ಈ ಪ್ರಶ್ನೆ ತೀರಾ ಹತ್ತಿರ ಬಂದದ್ದು 2021ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಒಂದೇ ವರ್ಷ ಹಲವು ಸಾವು. ಡಿಸೆಂಬರ್‌ನಲ್ಲಿ ಹಾಸ್ಟೆಲ್ ಕೋಣೆಗಳ ಸೀಲಿಂಗ್ ಫ್ಯಾನ್ ತೆಗೆಯುವ ಕೆಲಸ ಶುರುವಾಯಿತು. ಅಪಾಯದ ಗಳಿಗೆಯಲ್ಲಿ ಜೀವ ಉಳಿಸಲು ಇಂಥ ಕ್ರಮ ನೆರವಾಗುತ್ತದೆ ಎಂಬುದಕ್ಕೆ ಆಧಾರವಿದೆ, ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಆದರೆ ವಿದ್ಯಾರ್ಥಿಗಳ ಆಕ್ಷೇಪಕ್ಕೂ ತೂಕವಿತ್ತು. ಅವರ ಪ್ರಕಾರ ತೊಂದರೆ ಇದ್ದದ್ದು ಕೋಣೆಯಾಚೆ. ಪಿಎಚ್‌ಡಿ ಮಾಡುವವರ ಬದುಕು ಬಹಳ ಮಟ್ಟಿಗೆ ಒಬ್ಬ ಗೈಡ್ ಕೈಯಲ್ಲಿರುತ್ತದೆ. ಸಹಿ, ಶಿಫಾರಸು ಪತ್ರ, ಪದವಿ ಮುಗಿಯುವ ದಿನ, ಎಲ್ಲದಕ್ಕೂ ಅವರೇ ಬೇಕು. ಅಲ್ಲಿ ಬಿರುಕು ಬಿಟ್ಟರೆ ಹೋಗುವುದಾದರೂ ಎಲ್ಲಿಗೆ? ದೂರು ಕೊಟ್ಟರೆ ನಾಲ್ಕೈದು ವರ್ಷದ ದುಡಿಮೆಯೇ ನೀರಿಗೆ ಬೀಳುವ ಭಯ.

ಇಲ್ಲಿಂದ ಮುಂದೆ ವಿದ್ಯಾರ್ಥಿಗಳ ಬೇಡಿಕೆಗಳು ಸ್ಪಷ್ಟವಾದವು. ಗೈಡ್ ಬದಲಿಸಲು ಭಯವಿಲ್ಲದ ದಾರಿ ಬೇಕು. ಕೌನ್ಸೆಲರ್ ಹತ್ತಿರ ಹೇಳಿದ್ದು ವಿಭಾಗದ ಮುಖ್ಯಸ್ಥರಿಗೆ, ವಾರ್ಡನ್‌ಗೆ ತಲುಪಬಾರದು. ಚಿಕಿತ್ಸೆಗೆಂದು ರಜೆ ಹಾಕಿದವರಿಗೆ ಸೀಟು, ಹಾಸ್ಟೆಲ್ ಕೋಣೆ ಉಳಿಯಬೇಕು. ಸಮಿತಿ ಮಾಡಿದರೆ ಅದರಲ್ಲಿ ವಿದ್ಯಾರ್ಥಿಗಳೂ ಇರಬೇಕು. ನೆರವು ಕೇಳಿದರೆ ಎಲ್ಲಿ 'ಇವನಿಗೇನೋ ಆಗಿದೆ' ಎಂಬ ಹಣೆಪಟ್ಟಿ ಬೀಳುತ್ತೋ ಎಂದು ಹೆದರಿ ಸುಮ್ಮನಿರುವವರೇ ಜಾಸ್ತಿ ಅಲ್ವಾ? ಹಾಗಾಗಿ ಈ ಬೇಡಿಕೆಗಳು ಅತಿಯಾಸೆ ಎಂದು ನನಗೆ ಅನ್ನಿಸುವುದಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಎನ್ನುವಂತಿಲ್ಲ. 2022ರ ಅಕ್ಟೋಬರ್ 10ರಂದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ ಶುರುವಾಯಿತು. ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಅದೇ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ತೀರಿಕೊಂಡರು ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿತು.

ಕೋರ್ಟಿಗೆ ಹೋದವರು ಯಾರು ಎಂಬುದನ್ನು ಗಮನಿಸಬೇಕು. 2019ರಲ್ಲಿ ಹೋದವರು ರೋಹಿತ್ ವೇಮುಲ ಮತ್ತು ಮುಂಬೈನಲ್ಲಿ ಓದುತ್ತಿದ್ದಾಗ ಆತ್ಮಹತ್ಯೆಯಿಂದ ತೀರಿಕೊಂಡ ವೈದ್ಯೆ ಪಾಯಲ್ ತಡ್ವಿ ಅವರ ತಾಯಂದಿರು. ಮಾರ್ಚ್ ತೀರ್ಪು ಬಂದದ್ದು ಐಐಟಿ ದೆಹಲಿಯ ಇಬ್ಬರು ವಿದ್ಯಾರ್ಥಿಗಳ ಹೆತ್ತವರ ಪ್ರಕರಣದಲ್ಲಿ. ಜುಲೈ ತೀರ್ಪು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ 17 ವರ್ಷದ ಹುಡುಗಿಯ ತಂದೆ ಹೋರಾಡಿದ್ದರ ಫಲ. ವಿದ್ಯಾರ್ಥಿಗಳು ಬದುಕಿದ್ದಾಗ ಮನವಿ ಪತ್ರದಲ್ಲಿ ಬರೆದು ಕೊಟ್ಟದ್ದು, ಮಕ್ಕಳನ್ನು ಕಳೆದುಕೊಂಡವರ ಬಾಯಲ್ಲಿ ಬಂದಾಗಲೇ ಕೇಳಿಸಿತು. ಇದು ನನ್ನನ್ನು ತುಂಬಾ ಕಾಡುತ್ತದೆ.

ಜುಲೈ ಮಾರ್ಗಸೂಚಿಗಳು ಬರೀ ಸಲಹೆಯಲ್ಲ. ಸರಿಯಾದ ಕಾನೂನು ಬರುವವರೆಗೆ ಕೋಚಿಂಗ್ ಸೆಂಟರ್‌ಗಳೂ ಸೇರಿ ಎಲ್ಲ ಶಿಕ್ಷಣ ಸಂಸ್ಥೆಗಳು ಪಾಲಿಸಲೇಬೇಕು. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ತರಬೇತಿ ಪಡೆದ ಒಬ್ಬ ಕೌನ್ಸೆಲರ್ ಆದರೂ ಇರಬೇಕು. ನೂರಕ್ಕಿಂತ ಕಡಿಮೆ ಇದ್ದರೆ ಹೊರಗಿನ ತಜ್ಞರ ಜೊತೆ ಏರ್ಪಾಡು ಮಾಡಿಕೊಳ್ಳಬೇಕು. ಅಂಕ ನೋಡಿ ಮಕ್ಕಳನ್ನು ಬೇರೆ ಬೇರೆ ಬ್ಯಾಚ್ ಮಾಡುವುದನ್ನು ಸಾಧ್ಯವಾದಷ್ಟು ಬಿಡಬೇಕು. ನಿಮ್ಮ ಕಾಲೇಜಿನಲ್ಲಿ ಕೌನ್ಸೆಲರ್ ಯಾರು, ಅವರ ಬಳಿಯ ಫೈಲ್ ಯಾರ ಕೈಗೆಲ್ಲ ಹೋಗುತ್ತದೆ ಎಂದು ಈಗಲೇ ಕೇಳಬಹುದು. ಕೇಳುವ ಹಕ್ಕು ವಿದ್ಯಾರ್ಥಿಗಿದೆ.