ಜಂಬದ ಕೋಳಿಯ ಇಂಗ್ಲಿಷ್ ಜುಟ್ಟು

ಕೊಪ್ಪಳದ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ನನಗೆ ನಿಘಂಟಿನ ಮೇಲೆ ಒಂದು ಸಿಟ್ಟಿದೆ. ಅರ್ಥ ಕೊಡುತ್ತದೆ, ರುಚಿ ಕೊಡುವುದಿಲ್ಲ. ಹೋದ ವಾರ ಬಿ.ಎ. ಹುಡುಗನೊಬ್ಬ ಓದುತ್ತಾ ಓದುತ್ತಾ 'ಕಾಕ್ಸ್‌ಕಾಂಬ್' ಅಂತ ತಡವರಿಸಿ ನಿಂತ. ಮೊಬೈಲ್ ತೆಗೆದು ನೋಡಿದರೆ 'ಜಂಬಗಾರ' ಅಂತಿತ್ತು.

"ಹಂಗಾದ್ರ ಪ್ರೌಡ್ ಅಂದ್ರ ಸಾಲಂಗಿಲ್ಲೇನ್ರೀ ಸರ?"

ಸಾಲುವುದಿಲ್ಲ. ಮೊದಲು ಉಚ್ಚಾರ ನೋಡಿ. ಕೊನೆಯ 'ಬ್' ಬಾಯಿಗೆ ಬರುವುದಿಲ್ಲ, ಕಾಕ್ಸ್‌ಕೋಮ್ ಅನ್ನಬೇಕು. ಪದ ಒಡೆದರೆ ಹುಂಜದ ಜುಟ್ಟು. ಹಿಂದೆ ಅರಮನೆಯಲ್ಲಿ ರಾಜನನ್ನು ನಗಿಸುವ ವಿದೂಷಕನ ಟೋಪಿ ಮೇಲೆ ಹುಂಜದ ಜುಟ್ಟಿನ ಹಾಗೆ ಕೆಂಪು ಬಟ್ಟೆ ಇರುತ್ತಿತ್ತು. ಟೋಪಿಗೇ ಆ ಹೆಸರು ಬಿತ್ತು. ಶೇಕ್ಸ್‌ಪಿಯರ್‌ನ 'ಕಿಂಗ್ ಲಿಯರ್' ನಾಟಕದಲ್ಲಿ ರಾಜ್ಯ ಹಂಚಿ ಬರಿಗೈಲಿ ಕೂತ ಮುದುಕ ರಾಜನ ಬೆನ್ನಿಗೆ ಕೆಂಟ್ ಎಂಬ ಸರದಾರ ನಿಲ್ಲುತ್ತಾನೆ. ವಿದೂಷಕ ತನ್ನ ಜುಟ್ಟಿನ ಟೋಪಿ ತೆಗೆದು ಆ ಕೆಂಟ್‌ಗೇ ಚಾಚುತ್ತಾನೆ. ನನಗಿಂತ ದೊಡ್ಡ ಪೆದ್ದ ನೀನು ಅಂತ.

ಆಮೇಲೆ ಟೋಪಿಯ ಹೆಸರು ಮನುಷ್ಯನಿಗೇ ಅಂಟಿತು. ಮೊದಮೊದಲು ಪೆದ್ದ. ಬರಬರುತ್ತಾ, ಒಳಗೆ ಏನೂ ಇಲ್ಲದೆ ಬಟ್ಟೆಬರೆಯಲ್ಲೇ ಮೆರೆಯುವವನು, ತಿಳಿಯದಿದ್ದರೂ ಬಲ್ಲವನ ಹಾಗೆ ಆಡುವವನು. ಪ್ರೌಡ್ ಅನ್ನಿಸಿಕೊಂಡವನ ಹತ್ತಿರ ಹೆಮ್ಮೆಪಡಲು ಏನಾದರೂ ಇದ್ದೀತು. ಇವನ ಹತ್ತಿರ ಜುಟ್ಟು ಮಾತ್ರ.

"ಅಂದ್ರ ಜಂಬದ ಕೋಳಿ ಅನ್ರೀ ಸರ," ಅಂದಳು ಹಿಂದಿನ ಬೆಂಚಿನ ಗಂಗಾವತಿ ಹುಡುಗಿ.

ಮುಗೀತು! ನನ್ನ ಅರ್ಧ ತಾಸಿನ ಪಾಠ ಅವಳ ಎರಡು ಪದಕ್ಕೆ ಸಮ. ಇಂಗ್ಲಿಷಿನವರು ಅರಮನೆ ಸುತ್ತಿ ಬಂದ ಜಾಗಕ್ಕೆ ನಾವು ಹಿತ್ತಲಿಂದಲೇ ಬಂದಿದ್ದೇವೆ. ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿಗೆ ಮಲ್ಲಿಗೆ ಮುಡಿಸಿದವರೂ ನಾವೇ ಅಲ್ವಾ? ನಮ್ಮ ಕಡೆ ಜಾಸ್ತಿ ಓಡುವ 'ಧಿಮಾಕು' ಇನ್ನೂ ಮಜಾ. ಉರ್ದುವಿನಲ್ಲಿ ದಿಮಾಗ್ ಅಂದರೆ ಮಿದುಳು. ಕನ್ನಡಕ್ಕೆ ಬಂದು ಅದು ಮಿದುಳು ಕಡಿಮೆ ಇದ್ದವರ ಗುಣವಾಯಿತು.

ಈ ಜುಟ್ಟು ಒಮ್ಮೆ ಕೋರ್ಟಿಗೂ ಹೋಗಿದೆ. 1877ರಲ್ಲಿ ಲಂಡನ್ನಿನಲ್ಲಿ ವಿಸ್ಲರ್ ಎಂಬ ಚಿತ್ರಕಾರ, ರಾತ್ರಿ ಆಕಾಶದಲ್ಲಿ ಬಾಣಬಿರುಸು ಉದುರುವ ಚಿತ್ರವೊಂದಕ್ಕೆ 200 ಗಿನಿ (ಒಂದು ಗಿನಿ ಪೌಂಡಿಗಿಂತ ತುಸು ಹೆಚ್ಚು) ಬೆಲೆ ಇಟ್ಟ. ಹೆಸರಾಂತ ವಿಮರ್ಶಕ ಜಾನ್ ರಸ್ಕಿನ್‌ಗೆ ಉರಿದುಹೋಯಿತು. ಜನರ ಮುಖಕ್ಕೆ ಬಣ್ಣದ ಡಬ್ಬಿ ಎರಚಿ ಈ ಕಾಕ್ಸ್‌ಕೋಮ್ ಇಷ್ಟು ದುಡ್ಡು ಕೇಳುತ್ತಾನಲ್ಲ ಎಂದು ಬರೆದ. ವಿಸ್ಲರ್ ಮಾನನಷ್ಟದ ಕೇಸು ಹಾಕಿದ. 1878ರಲ್ಲಿ ಗೆದ್ದ ಕೂಡ. ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಖರ್ಚಿನ ಭಾರಕ್ಕೆ ಮರುವರ್ಷ ದಿವಾಳಿ ಎದ್ದ. ಆದರೂ ಆ ಕಾಸನ್ನು ಗಡಿಯಾರದ ಸರಪಳಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದನಂತೆ.

ಮೊದಲು ಪ್ರಶ್ನೆ ಕೇಳಿದ್ದ ಹುಡುಗ ಪುಸ್ತಕ ಮುಚ್ಚಿದ. "ಹಂಗಾದ್ರ ರಸ್ಕಿನ್ ಅಂದಿದ್ದು ಖರೇನ ಐತಲ್ರೀ ಸರ."