ವೋಟರ್ ಕಾರ್ಡು ಬಂದಿದೆ, ಹಾಗಾದರೆ ವೋಟು ಹಾಕಬಹುದಲ್ಲ?

ಇಲ್ಲ.

ಎರಡು ವರ್ಷಕ್ಕೊಮ್ಮೆ, ಗಣೇಶನ ಹಬ್ಬ ಕಳೆದು ನವೆಂಬರ್ ಚುನಾವಣೆ ಹತ್ತಿರ ಬರುವಾಗ, ನಾನು ಈ ಒಂದು ಪದವನ್ನು ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ನಾನು ಅಮೆರಿಕದಲ್ಲಿ ವಲಸೆ ಕಾನೂನಿನ ವಕೀಲೆ. ಗ್ರೀನ್ ಕಾರ್ಡ್ (ನಾಗರಿಕರಾಗದೆಯೂ ಇಲ್ಲಿ ಕಾಯಂ ಆಗಿ ಇರುವ ಪರವಾನಗಿ) ಇದ್ದವರಿಗೆ ಅಧ್ಯಕ್ಷರ ಚುನಾವಣೆಯಲ್ಲಾಗಲಿ, ಕಾಂಗ್ರೆಸ್ ಅಂದರೆ ಇಲ್ಲಿನ ಸಂಸತ್ತಿನ ಚುನಾವಣೆಯಲ್ಲಾಗಲಿ ವೋಟಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತೂ ಇದೆ. ಆದರೆ ಮನೆಗೆ ಒಂದು ಕಾರ್ಡು ಬಂದ ಕೂಡಲೇ ಮರೆತುಹೋಗುತ್ತದೆ.

ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಹಾಸನದ ಕಡೆಯವರು, ಮಗನ ಮೂಲಕ ಗ್ರೀನ್ ಕಾರ್ಡ್ ಸಿಕ್ಕಿತ್ತು. ಗುರುತಿನ ಚೀಟಿ ಮಾಡಿಸಲು ಡ್ರೈವಿಂಗ್ ಲೈಸೆನ್ಸ್ ಆಫೀಸಿಗೆ ಹೋದಾಗ ಕೌಂಟರಿನವರು ಗಡಿಬಿಡಿಯಲ್ಲಿ ‘ಸಿಟಿಜನ್ನಾ?’ ಅಂತ ಕೇಳಿದ್ದಾರೆ. ಇವರು ಖುಷಿಯಿಂದ ‘ಹೌದು’ ಅಂದಿದ್ದಾರೆ. ಸೀನಿಯರ್ ಸಿಟಿಜನ್ ಅಂತ ಕೇಳಿದರು ಅಂದುಕೊಂಡರಂತೆ! ತೋರಿಸಿದ ಕಡೆ ಸಹಿಯನ್ನೂ ಹಾಕಿದ್ದಾರೆ. ತಿಂಗಳಿಗೆ ವೋಟರ್ ಕಾರ್ಡು ಬಂತು. ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಹಾಕಿ ನನ್ನ ಮುಂದಿಟ್ಟರು.

‘ಅಲ್ಲಮ್ಮಾ, ಸರ್ಕಾರದವರೇ ಕಳಿಸಿದ್ದಾರಲ್ಲ? ನೋಡದೇ ಕಳಿಸ್ತಾರಾ?’

ಕಳಿಸ್ತಾರೆ ಮೇಷ್ಟ್ರೇ. ಎಡವುವುದೇ ಇಲ್ಲಿ. ನಮ್ಮ ಕಡೆ ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬಂದು, ದಾಖಲೆ ನೋಡಿ ಹೆಸರು ಸೇರಿಸುತ್ತಾರೆ. ಅಲ್ಲಿ ವೋಟರ್ ಕಾರ್ಡೇ ಒಂದು ಗುರುತು. ಇಲ್ಲಿ ಹಾಗಲ್ಲ. 1993ರ ಕಾನೂನಿನ ಪ್ರಕಾರ ಲೈಸೆನ್ಸ್ ಮಾಡಿಸುವಾಗಲೇ ಮತದಾರರ ನೋಂದಣಿಯನ್ನೂ ಮುಗಿಸಬಹುದು. ಬಹಳ ರಾಜ್ಯಗಳಲ್ಲಿ ನೀವು ನಾಗರಿಕರು ಅನ್ನುವುದಕ್ಕೆ ನಿಮ್ಮ ಸಹಿಯೇ ಆಧಾರ. ನೀವು ಪ್ರಮಾಣ ಮಾಡಿ ಹೇಳಿದ್ದೀರಿ, ಅವರು ನಂಬಿ ಕಾರ್ಡು ಕಳಿಸಿದ್ದಾರೆ. ಅಂದರೆ ಆ ಕಾರ್ಡು ಸರ್ಕಾರ ನಿಮಗೆ ಕೊಟ್ಟ ಹಕ್ಕಲ್ಲ. ನೀವು ಸರ್ಕಾರಕ್ಕೆ ಹೇಳಿದ ಮಾತಿಗೆ ಬಂದ ರಸೀದಿ. ಇನ್ನೊಂದು ಸಲ ಹೇಳುತ್ತೇನೆ, ರಸೀದಿ.

1996ರಿಂದ ಈ ವಿಷಯ ತುಂಬಾ ಬಿಗಿಯಾಗಿದೆ. ನಾಗರಿಕ ಅಂತ ಸುಳ್ಳು ಹೇಳಿಕೊಂಡರೆ ಗಡೀಪಾರಿಗೆ ಅದೊಂದೇ ಸಾಕಾಗಬಹುದು. ವಿನಾಯಿತಿ ತೀರಾ ಕಡಿಮೆ. ಫೆಡರಲ್ ಚುನಾವಣೆಯಲ್ಲಿ, ಅಂದರೆ ಅಧ್ಯಕ್ಷರ ಅಥವಾ ಕಾಂಗ್ರೆಸ್ ಚುನಾವಣೆಯಲ್ಲಿ, ವೋಟು ಹಾಕಿಯೇಬಿಟ್ಟರೆ ಒಂದು ವರ್ಷದವರೆಗೆ ಜೈಲೂ ಆಗಬಹುದು. ‘ಗೊತ್ತಿರಲಿಲ್ಲ’ ಅನ್ನುವ ಮಾತು ಕೆಲವು ಪ್ರಕರಣಗಳಲ್ಲಿ ನಡೆಯುತ್ತದೆ, ಕೆಲವುದರಲ್ಲಿ ಇಲ್ಲ. ಹಾಗಾಗಿ ಇದನ್ನು ಓದಿ ನಿಮ್ಮ ಕೇಸನ್ನು ನೀವೇ ತೀರ್ಮಾನ ಮಾಡಿಕೊಳ್ಳಬೇಡಿ.

ಯಾರಿಗೂ ಗೊತ್ತಾಗಲ್ಲ ಬಿಡಿ ಅನ್ನುವವರಿದ್ದಾರೆ. ನಾಗರಿಕತ್ವದ ಅರ್ಜಿ ಎನ್-400 ನೇರವಾಗಿಯೇ ಕೇಳುತ್ತದೆ, ಎಂದಾದರೂ ನೋಂದಣಿ ಮಾಡಿಸಿದ್ದೀರಾ, ವೋಟು ಹಾಕಿದ್ದೀರಾ ಅಂತ. ಅದಕ್ಕೂ ಮೊದಲೇ ಕೋರ್ಟಿನಿಂದ ಜ್ಯೂರಿ ಕೆಲಸಕ್ಕೆ, ಅಂದರೆ ಕೇಸು ಕೇಳಿ ತೀರ್ಪು ಹೇಳುವ ನಾಗರಿಕರ ತಂಡದಲ್ಲಿ ಕೂರಲು, ಪತ್ರ ಬರಬಹುದು. ಮತದಾರರ ಪಟ್ಟಿಯಿಂದಲೂ ಅವರು ಹೆಸರು ಆರಿಸುತ್ತಾರೆ. ‘ನಾನು ನಾಗರಿಕನಲ್ಲ, ಬಿಟ್ಟುಬಿಡಿ’ ಅಂತ ಪ್ರಾಮಾಣಿಕವಾಗಿ ಬರೆದು ಕಳಿಸುತ್ತೀರಿ. ಈಗ ಸರ್ಕಾರದ ಕೈಯಲ್ಲಿ ನಿಮ್ಮದೇ ಸಹಿಯ ಎರಡು ಉತ್ತರ!

ದೇವಸ್ಥಾನದಲ್ಲಿ ಪ್ರಸಾದದ ಸಾಲಿನ ಪಕ್ಕ ಟೇಬಲ್ ಹಾಕಿ ಮತದಾರರ ನೋಂದಣಿ ಫಾರಂ ಹಂಚುವ ಹುಡುಗರ ಮೇಲೂ ನನಗೆ ಸ್ವಲ್ಪ ಸಿಟ್ಟಿದೆ. ಒಳ್ಳೆಯ ಮಕ್ಕಳು, ಇಲ್ಲೇ ಹುಟ್ಟಿದವರು. ಎದುರಿಗಿರುವ ಅಜ್ಜಿಗೆ ವೋಟಿಲ್ಲದಿರಬಹುದು ಅನ್ನುವುದು ಅವರಿಗೆ ಹೊಳೆಯುವುದೇ ಇಲ್ಲ.

ಮೇಷ್ಟ್ರು ಪುಣ್ಯಕ್ಕೆ ವೋಟು ಹಾಕಿರಲಿಲ್ಲ. ಆದರೂ ಎನ್-400 ಈಗ ಬೇಡ ಅಂದೆ. ಮುಖ ಸಣ್ಣಗಾಯಿತು. ‘ಹಾಗಾದ್ರೆ ರಾಜಕೀಯ ಮಾತಾಡೋದೂ ತಪ್ಪಾ?’ ಅಂತ ಕೇಳಿದರು. ತಪ್ಪೇನಿಲ್ಲ. ಮಾತಾಡಿ, ಅಂಗಳದಲ್ಲಿ ಯಾವ ಅಭ್ಯರ್ಥಿಯದಾದರೂ ಬೋರ್ಡು ನೆಡಿ. ಗ್ರೀನ್ ಕಾರ್ಡ್ ಇದ್ದವರು ಅಭ್ಯರ್ಥಿಗೆ ದೇಣಿಗೆಯನ್ನೂ ಕೊಡಬಹುದು (ಕೆಲಸಕ್ಕೆ ಬಂದ ಎಚ್-1ಬಿ ವೀಸಾದವರು ಕೊಡುವಂತಿಲ್ಲ, ಅದೊಂದು ನೆನಪಿರಲಿ). ನಿಮ್ಮ ವೋಟು ಇನ್ನೂ ಊರಿನಲ್ಲೇ ಇದೆ ಮೇಷ್ಟ್ರೇ, ವಿದೇಶದಲ್ಲಿರುವ ಭಾರತೀಯರು ಹೆಸರು ಸೇರಿಸಲು ಕೊಡುವ ಫಾರಂ 6ಎ ತುಂಬಿ ಅಲ್ಲಿಗೇ ಹೋಗಿ ಹಾಕಬೇಕು ಅಂದೆ.

‘ಬೆರಳಿಗೆ ಶಾಯಿಯನ್ನಾದ್ರೂ ಹಚ್ತಾರೆ’ ಅಂದರು.

ನಿಮ್ಮ ಮನೆಗೂ ಇಂಥ ಕಾರ್ಡು ಬಂದಿದ್ದರೆ ಹರಿದು ಹಾಕಬೇಡಿ, ಹೆಸರು ತೆಗೆಸಲು ನೀವೇ ಪತ್ರ ಬರೆಯಲೂ ಹೋಗಬೇಡಿ. ಮೊದಲು ವಕೀಲರನ್ನು ನೋಡಿ. ಸುಮ್ನೆ ಕಾರ್ಡಿನ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ಆ ದಿನ ನೀವು ಸಹಿ ಮಾಡಿದ ಫಾರಂ.